ಜೌಗಿನ ಪಾಲು

ಹೋಯರ್‌ಬುರ್ಗ್ ಕೋಟೆ,
ಸಂತ ಬಾರ್ತೊಲೊಮೇಯನ ಹಬ್ಬದ ಮರುದಿನ, ೧೪೭೨

ಮುದ್ದಿನ ಮಗ ವೋಲ್ರಾಡ್,

ಹೇಗಿದ್ದೀಯಪ್ಪ? ಮೊಣಕಾಲಿನ ಗಾಯ ಒಣಗಿತೆ? ದಂಡಿನ ಕ್ಷೌರಿಕ ರಕ್ತ ತೆಗೆಯುತ್ತೇನೆಂದು ಕತ್ತಿ ಹಿಡಿದು ಬಂದರೆ ಅವನನ್ನು ಬಾಗಿಲಿಂದಾಚೆಗೇ ನಿಲ್ಲಿಸು. ಹೆಬ್ಬಾತಿನ ಕೊಬ್ಬು ಕಾಯಿಸಿ ಹಚ್ಚಿಕೊಂಡು, ಉಣ್ಣೆ ಬಟ್ಟೆ ಸುತ್ತಿ ಮಲಗು. ನೀನಿರುವ ಗೆಂಟ್‌ನಲ್ಲಿ ಹೆಬ್ಬಾತಿಗೇನು ಬರವಿಲ್ಲವೆಂದು ಕೇಳಿದ್ದೇನೆ. ರಾತ್ರಿ ಊಟ ಬಿಟ್ಟು ಬರೀ ಬಿಯರ್ ಕುಡಿದು ಮಲಗುವ ನಿನ್ನ ಅಭ್ಯಾಸ ಬಿಟ್ಟಿದ್ದೀಯ ಎಂದು ನಂಬಿಕೊಂಡಿದ್ದೇನೆ, ನಂಬಿಕೆಗೆ ಆಧಾರವೇನೂ ಇಲ್ಲ. ನನ್ನ ವಿಷಯ ಹೇಳುವುದಾದರೆ, ಎಡಗಣ್ಣಲ್ಲಿ ನೀರು ಸುರಿಯುವುದು ನಿಂತಿಲ್ಲ, ಕೆಳಗಿನ ಹಲ್ಲೊಂದು ಅಲ್ಲಾಡುತ್ತಿದೆ. ಉಳಿದಂತೆ ಗಟ್ಟಿಯಾಗಿದ್ದೇನೆ. ಸಿಟ್ಟು ಬಂದಾಗಲೆಲ್ಲ ನನ್ನ ಆರೋಗ್ಯ ಸುಧಾರಿಸುತ್ತದೆ ಎಂದು ನಿನ್ನ ಅಪ್ಪ ತಮಾಷೆ ಮಾಡುತ್ತಿದ್ದರಲ್ಲ, ಆ ಲೆಕ್ಕದಲ್ಲಿ ಈಗ ನಾನು ಇಪ್ಪತ್ತರ ಹುಡುಗಿ.

ಗುಮಾಸ್ತನ ಕೈಯಲ್ಲಿ ಬರೆಸದೆ ನಾನೇ ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದಕಿದ ಹಾಗಿದ್ದರೆ ಸಹಿಸಿಕೋ. ಗುಮಾಸ್ತನಿಗೆ ನಾನು ಹೇಳುವ ಒಂದೊಂದು ಮಾತೂ ನಿನ್ನ ಅಣ್ಣ ಗೆರ್ಲಾಕ್‌ನ ಕಿವಿಗೆ ಹೋಗುತ್ತದೆ. ಈ ಪತ್ರವನ್ನು ಫ್ಲಾಂಡರ್ಸ್ ಕಡೆಗೆ ಹೊರಟಿರುವ ಸನ್ಯಾಸಿ ಕಾರ್ಸ್ಟೆನ್ ತರುತ್ತಾರೆ. ಅವರು ಈಗ ಕೆಳಗೆ ಅಡುಗೆಮನೆಯಲ್ಲಿ ಕೂತು ಬಟಾಣಿ ಗಂಜಿ ಕುಡಿಯುತ್ತಿದ್ದಾರೆ. ನಾನು ಬರೆಯುವ ಕೋಣೆಯವರೆಗೂ ಉಳಿಯ ಸದ್ದು ಕೇಳಿಸುತ್ತಿದೆ. ಪೂಜಾಮಂದಿರದಲ್ಲಿ ಶಿಲ್ಪಿ ನಿನ್ನ ಅಪ್ಪನ ಸಮಾಧಿ ಕಲ್ಲಿನ ಮೇಲೆ ಹೆಸರು ಕೆತ್ತುತ್ತಿದ್ದಾನೆ. ಏನೆಂದು ಕೆತ್ತುತ್ತಿದ್ದಾನೆ ಗೊತ್ತೆ? "ಶಾಂತಿಪ್ರಿಯ ದೊರೆ ಬೋಡೋ." ಈಸ್ಟರ್ ಕಳೆದು ಅವರನ್ನು ಮಣ್ಣು ಮಾಡಿದ ದಿನ ಮಠಾಧಿಪತಿ ವೇದಿಕೆ ಏರಿ ಆ ಹೆಸರನ್ನು ಹೇಳಿದರು. ಕೂಡಲೇ ದಿವಾನ ಹೆನ್ನಿಂಗ್ ಕಣ್ಣೊರೆಸಿಕೊಂಡ, ಅವನನ್ನು ನೋಡಿ ಉಳಿದವರೂ ಒರೆಸಿಕೊಂಡರು. ನಾನು ಅಳಲಿಲ್ಲ. ಇವರು ಯಾರ ವಿಷಯ ಹೇಳುತ್ತಿದ್ದಾರೆ ಎಂದು ಅಕ್ಕಪಕ್ಕ ನೋಡಿದೆ.

ನನ್ನ ಗಂಡನನ್ನು ನಾನು ಬಲ್ಲೆ. ಅವರ ಆಳ್ವಿಕೆಯನ್ನು ಈ ಕೋಟೆಯ ಕಿಟಕಿಯಿಂದ ಹೆಚ್ಚುಕಡಿಮೆ ಮೊದಲಿನಿಂದ ಕೊನೆಯವರೆಗೆ ನೋಡಿದವಳು ನಾನೊಬ್ಬಳೇ, ಆ ಮಠಾಧಿಪತಿ ಆಗಿನ್ನೂ ಬಚ್ಚಲ ಬಿಸಿನೀರಿಗೆ ಸೌದೆ ಹೊರುತ್ತಿದ್ದರು. ನಾನು ಮದುವೆಯಾಗಿ ಬಂದ ಮೊದಲ ವರ್ಷವೇ ಬಿಷಪ್ಪರ ಜೊತೆ ಹಾವುಮೀನಿನ ಕಟ್ಟೆಗೆ ಜಗಳ. ಯಾರ ಮೀನು ಯಾರ ಬಲೆಗೆ ಎಂಬುದಷ್ಟೇ ವಿಷಯ. ಅಷ್ಟಕ್ಕೆ ನಿನ್ನ ಅಪ್ಪ ವಿಧಿಪ್ರಕಾರ ಕದನಪತ್ರ ಕಳಿಸಿದರು, ವಿಧಿಪ್ರಕಾರ ಮೂರು ದಿನ ಕಾದರು, ಆಮೇಲೆ ವಿಧಿಪ್ರಕಾರವೇ ಹೋಗಿ ಬಿಷಪ್ಪರ ರೈತರ ಕಣಜಗಳಿಗೆ ಬೆಂಕಿ ಇಟ್ಟು ಬಂದರು. ಬಿಷಪ್ಪರು ಸುಮ್ಮನಿರುತ್ತಾರೆಯೆ? ಅವರ ಕಡೆಯವರು ಬಂದು ನಮ್ಮ ರೈತರ ಕಣಜ ಸುಟ್ಟರು. ದೊರೆಗಳ ಕೂದಲು ಕೊಂಕಲಿಲ್ಲ. ಆ ಚಳಿಗಾಲ ಎರಡೂ ಕಡೆಯ ಹೆಂಗಸರು ಸುಟ್ಟ ರೈ ಕಾಳನ್ನು ಬೂದಿಯಿಂದ ಆರಿಸಿ ರೊಟ್ಟಿ ಮಾಡಿದರು. ವಸಂತದಲ್ಲಿ ಬಿಷಪ್ಪರೂ ನಿನ್ನ ಅಪ್ಪನೂ ಒಂದೇ ಮೇಜಿನಲ್ಲಿ ಕೂತು ಅದೇ ಕಟ್ಟೆಯ ಹಾವುಮೀನು ತಿಂದು ರಾಜಿಯಾದರು. ಮಠಾಧಿಪತಿಗೆ ಆ ಊಟ ನೆನಪಿದೆ, ಆ ರೊಟ್ಟಿ ನೆನಪಿಲ್ಲ.

ಗೋಪುರದ ಕಥೆ ನಿನಗೇ ಗೊತ್ತು. ನೆರೆಯ ಕೌಂಟ್ ತನ್ನ ಕೋಟೆಗೆ ಗೋಪುರ ಕಟ್ಟಿಸಿದ ಎಂದು ಇವರಿಗೆ ಅದಕ್ಕಿಂತ ಎತ್ತರದ್ದು ಬೇಕಾಯಿತು. ಅದಕ್ಕಾಗಿ ಬಿಯರಿನ ಮೇಲೆ ತೆರಿಗೆ ಹಾಕಿದರು. ಪೇಟೆಯವರು ಬಾಗಿಲು ಹಾಕಿಕೊಂಡು ಕೂತರು. ಆಗ ಇವರು ಮಾಡಿದ್ದೇನು? ಒಳ್ಳೆಯ ಮಾತಾಡಿ ಪೇಟೆಯ ಹಿರಿಯರನ್ನು ಊಟಕ್ಕೆ ಕರೆದರು. ಉಂಡು ಎದ್ದು ನೋಡಿದರೆ ಕೋಟೆಯ ಬಾಗಿಲಿಗೆ ಅಗುಳಿ. ತೆರಿಗೆಗೆ ಒಪ್ಪುವವರೆಗೂ ಆ ಮುದುಕರು ಇಲ್ಲೇ ಇದ್ದರು, ನಾನೇ ಅವರಿಗೆ ಕಂಬಳಿ ಹುಡುಕಿ ಕೊಟ್ಟೆ. ಕತ್ತಿ ಎತ್ತಲಿಲ್ಲ, ಕೂಗಾಡಲಿಲ್ಲ. ನಿನ್ನ ಅಪ್ಪನ ದಾರಿ ಯಾವಾಗಲೂ ಅದೇ. ಎದುರಿನವನ ಮೃದು ಜಾಗ ಯಾವುದೆಂದು ಹುಡುಕಿ ಅಲ್ಲಿ ಹೆಬ್ಬೆರಳು ಒತ್ತುವುದು. ಇದನ್ನು ಶಾಂತಿ ಎಂದು ಕರೆಯುವುದಾದರೆ ಕೆತ್ತಿಕೊಳ್ಳಲಿ.

ಹಾಗೆಂದು ಅವರಲ್ಲಿ ಒಳ್ಳೆಯದೇ ಇರಲಿಲ್ಲ ಎಂದರೆ ನನ್ನ ನಾಲಿಗೆಗೆ ಹುಳ ಬೀಳುತ್ತದೆ. ಲಿಂಡನ್ ಮರದ ಕೆಳಗೆ ನ್ಯಾಯಕ್ಕೆ ಕೂತಾಗ ಎಂಥ ಬಡವನ ಮಾತನ್ನೂ ಅರ್ಧಕ್ಕೆ ತಡೆಯುತ್ತಿರಲಿಲ್ಲ. ಕುರುಡಾದ ಆ ಮುದಿ ಬೇಟೆನಾಯಿಯನ್ನು ಸಾಯುವವರೆಗೂ ತಾವೇ ಎತ್ತಿಕೊಂಡು ಮೆಟ್ಟಿಲು ಇಳಿಸುತ್ತಿದ್ದರು. ನನ್ನ ಮೇಲೆ ಒಂದು ದಿನವೂ ಕೈ ಎತ್ತಿದವರಲ್ಲ. ಅದಕ್ಕೇ ನನಗೆ ಇಷ್ಟು ಸಿಟ್ಟು. ಪೂರ್ತಿ ಕೆಟ್ಟವರಾಗಿದ್ದರೆ ಮಣ್ಣು ಹಾಕಿ ಮರೆಯಬಹುದಿತ್ತು. ಕೊನೆಯ ದಿನ ಗೆರ್ಲಾಕ್‌ನನ್ನು ಹತ್ತಿರ ಕರೆದು, ಅವನ ತೋಳು ಹಿಡಿದು, "ನಾನು ಹಂಚಿದ ಹಾಗೇ ಹಂಚು, ಮಗಾ," ಅಂದರು. ಅದೇ ಅವರ ಕೊನೆಯ ಮಾತು. ನಾವೆಲ್ಲ ಅತ್ತೆವು. ಸಾಯುವ ಹೊತ್ತಿನಲ್ಲೂ ನ್ಯಾಯದ ಮಾತಾಡಿದರಲ್ಲ ಎಂದು ನಾನೂ ಅತ್ತೆ. ಆ ಮಾತನ್ನು ನೆನಪಿನಲ್ಲಿಟ್ಟುಕೋ, ಮುಂದೆ ಅದಕ್ಕೆ ಬರುತ್ತೇನೆ.

ಈಗ ಹಂಚಿಕೆಯ ವಿಷಯ. ಅದರ ಕರಾರುಪತ್ರ ಮುದ್ರೆ ಸಮೇತ ನಿನಗೆ ಬೇರೆಯಾಗಿ ಬರುತ್ತದೆ, ಬಹುಶಃ ಬಂದೂ ಇರಬಹುದು. ನಮ್ಮ ಮನೆತನದ ಪದ್ಧತಿ ನಿನಗೆ ತೊಟ್ಟಿಲಲ್ಲೇ ಗೊತ್ತಿತ್ತು. ರಾಜ್ಯವನ್ನು ದೊಡ್ಡವನು ಎರಡು ಪಾಲು ಮಾಡಬೇಕು, ಚಿಕ್ಕವನು ತನಗೆ ಬೇಕಾದ್ದನ್ನು ಆರಿಸಿಕೊಳ್ಳಬೇಕು. ಉಳಿದದ್ದು ದೊಡ್ಡವನಿಗೆ. ಹೀಗಾದರೆ ಹಂಚುವವನು ಕೈಚಳಕ ತೋರಿಸಲಾರ, ತೋರಿಸಿದರೆ ತನ್ನ ಬಾಯಿಗೇ ಮಣ್ಣು ಬೀಳುತ್ತದೆ ಎಂದು ಹಿಂದಿನವರು ಯೋಚಿಸಿ ಮಾಡಿದ್ದು. ಅವರಿಗೆ ನಿನ್ನ ಅಣ್ಣನಂಥ ಮಗ ಹುಟ್ಟುತ್ತಾನೆಂದು ಗೊತ್ತಿರಲಿಲ್ಲ. ಅವನು ಮಾಡಿದ ಪಾಲು ಕೇಳು. ಒಂದು, ಸೇತುವೆಯ ಪಾಲು. ಈ ಕೋಟೆ, ಪೇಟೆ, ವೇಸರ್ ನದಿಯ ಸೇತುವೆ ಮತ್ತು ಅದರ ಸುಂಕ, ಇಳಿಜಾರಿನ ಗೋಧಿ ಹೊಲಗಳೆಲ್ಲ, ಗಿರಣಿ. ಇನ್ನೊಂದು, ಜೌಗಿನ ಪಾಲು. ಕೆಸರು, ಜೊಂಡು, ಬಾತುಕೋಳಿ, ಅಲ್ಲೊಂದು ಇಲ್ಲೊಂದು ಕೇರಿ, ವಾಲಿದ ಹಳೇ ಗೋಪುರ. ಇದು ಸಮಪಾಲೆ ಎಂದು ಕೇಳಿದರೆ ದಿವಾನ ಹೆನ್ನಿಂಗ್ ಅಳತೆ ತೋರಿಸುತ್ತಾನೆ. ಅಳತೆಯಲ್ಲಿ ಜೌಗೇ ದೊಡ್ಡದಂತೆ. ಇರಬಹುದು, ಆದರೆ ಅದರಲ್ಲಿ ಅರ್ಧ ನೆಲ ಬೇಸಿಗೆಯಲ್ಲಿ ಮಾತ್ರ ಕಣ್ಣಿಗೆ ಬೀಳುತ್ತದೆ.

ಹಾಗಾದರೆ ನೀನು ಸೇತುವೆಯ ಪಾಲನ್ನೇ ಕೇಳಿದರೆ ಗೆರ್ಲಾಕ್‌ನ ಗತಿ ಏನು ಎಂದು ನಾನೂ ಮೊದಲು ಯೋಚಿಸಿದೆ. ನಿನ್ನ ಅಣ್ಣನಿಗೆ ತಲೆ ಕೆಟ್ಟಿದೆ ಎಂದುಕೊಂಡೆ. ಆಮೇಲೆ ಗಡಿ ನೋಡಿದೆ. ಗಡಿ ಹಳ್ಳದ ಗುಂಟ ನೆಟ್ಟಗೆ ಬರುತ್ತದೆ. ಗಿರಣಿಯ ಹತ್ತಿರ ಹಳ್ಳವನ್ನು ಬಿಟ್ಟು, ದಿಬ್ಬ ಹತ್ತಿ, ನನ್ನ ಎರ್ಲೆನ್‌ಹೋಫ್ ಮನೆಯನ್ನೂ ಹಣ್ಣಿನ ತೋಟವನ್ನೂ ತೋಳಲ್ಲಿ ಬಾಚಿಕೊಂಡು ಮತ್ತೆ ಹಳ್ಳಕ್ಕೆ ಇಳಿಯುತ್ತದೆ. ಸುತ್ತ ಮೂರು ಕಡೆ ಸೇತುವೆಯ ಪಾಲು, ನಡುವೆ ನನ್ನ ಮನೆ ಮಾತ್ರ ಜೌಗಿಗೆ ಸೇರಿದೆ. ಕೊನೆಯಲ್ಲಿ ಒಂದು ಸಾಲು ಬೇರೆ: ರಾಜಮಾತೆ ತನ್ನ ವಿಧವಾಮನೆಯಾದ ಎರ್ಲೆನ್‌ಹೋಫ್‌ನಲ್ಲಿ ವಾಸಿಸತಕ್ಕದ್ದು, ಆ ಪಾಲಿನ ಒಡೆಯ ಅವಳ ಯೋಗಕ್ಷೇಮ ನೋಡಿಕೊಳ್ಳತಕ್ಕದ್ದು. ಅಂದರೆ ನೀನು ಸೇತುವೆ ತೆಗೆದುಕೊಂಡರೆ ನಿನ್ನ ತಾಯಿ ಗೆರ್ಲಾಕ್‌ನ ಕೈಕೆಳಗೆ, ಅವನ ಹೆಂಡತಿ ಊರ್ಸುಲಾ ಅಳೆದು ಕೊಡುವ ಸೌದೆಯಲ್ಲಿ ಚಳಿ ಕಾಯಿಸಬೇಕು. ತಾಯಿ ಬೇಕಾದರೆ ಜೌಗು ತೆಗೆದುಕೊಳ್ಳಬೇಕು. ನಿನ್ನನ್ನು ಅವನು ಚಿಕ್ಕಂದಿನಿಂದ ನೋಡಿದ್ದಾನೆ. ನಾನು ಜ್ವರದಲ್ಲಿ ಮಲಗಿದ್ದಾಗ ಬೇಟೆ ಬಿಟ್ಟು ಕೋಣೆಯ ಬಾಗಿಲಲ್ಲಿ ಕೂತಿದ್ದವನು ನೀನು, ಅವನಲ್ಲ. ನೀನು ಏನು ಆರಿಸುತ್ತೀ ಎಂದು ಅವನಿಗೆ ಚೆನ್ನಾಗಿ ಗೊತ್ತು. ವೋಲ್ರಾಡ್, ಅವನು ನನ್ನನ್ನು ಇಲಿಬೋನಿನ ಬೆಣ್ಣೆ ಮಾಡಿದ್ದಾನೆ.

ನಾನು ಬಾಯಿ ಮುಚ್ಚಿಕೊಂಡು ಕೂರಲಿಲ್ಲ. ಸಭೆಯ ನಡುವೆಯೇ ಹೋಗಿ ಕೇಳಿದೆ. ಅವನು ಎದ್ದು ನಿಂತು, ಕುರ್ಚಿ ಎಳೆದು ಕೊಟ್ಟು, ಬೆಣ್ಣೆಯಂಥ ದನಿಯಲ್ಲಿ, "ಅಮ್ಮಾ, ನಿಮಗೆ ವೋಲ್ರಾಡ್ ಹತ್ರ ಇರೋದೇ ಇಷ್ಟ ಅಂತ ಹೀಗ್ ಮಾಡ್ದೆ," ಅಂದ. "ನನ್ನಿಷ್ಟ ಏನು ಅಂತ ನನ್ನ ಕೇಳಿದ್ಯೇನೋ?" ಅಂದೆ. ಅದಕ್ಕೆ ಅವನು, "ನಾನೇನೂ ಹೊಸದು ಮಾಡಿಲ್ಲ, ಅಪ್ಪ ಹೇಳಿದ್ದನ್ನೇ ಮಾಡಿದೀನಿ," ಅಂದ. ಸಭೆಯ ಗಡ್ಡಗಳೆಲ್ಲ ಹೌದು ಹೌದು ಎಂದು ಅಲ್ಲಾಡಿದವು. ಆಗ ನನಗೆ ಆ ಮಾತಿನ ಅರ್ಥ ಹತ್ತಲಿಲ್ಲ. ಅಷ್ಟಕ್ಕೇ ಬಿಡದೆ ದಿವಾನ ಸಂತನ ಎಲುಬಿನ ಪೆಟ್ಟಿಗೆ ತರಿಸಿದ. ಆರಿಸುವವನಿಗೆ ಯಾರೂ ಉಪದೇಶ ಮಾಡಬಾರದು ಎಂಬುದೂ ಪದ್ಧತಿಯೇ. ಸಭೆಯವರೆಲ್ಲ ಅದರ ಮೇಲೆ ಕೈಯಿಟ್ಟು ಆಣೆ ಮಾಡಿದರು, ಕೊನೆಗೆ ನನ್ನ ಕೈಯನ್ನೂ ಇಡಿಸಿದರು. ಯಾವ ಪಾಲು ಆರಿಸಬೇಕೆಂದು ನಾನು ನಿನಗೆ ಹೇಳುವಂತಿಲ್ಲ. ಹೇಳುವುದೂ ಇಲ್ಲ. ನನ್ನ ಆತ್ಮವನ್ನು ಗೆರ್ಲಾಕ್‌ನ ಗೋಧಿ ಹೊಲಕ್ಕಾಗಿ ನರಕಕ್ಕೆ ಕಳಿಸಲಾರೆ.

ನಿನ್ನೆ ಹಬ್ಬಕ್ಕೆಂದು ನಿನ್ನ ಚಿಕ್ಕಪ್ಪ ಎಬರ್‌ವಿನ್ ಬಂದಿದ್ದ. ಬುಟ್ಟಿ ತುಂಬ ಹೊಗೆಯಲ್ಲಿ ಒಣಗಿಸಿದ ಹಾವುಮೀನು ತಂದಿದ್ದ. ಮೈಯೆಲ್ಲ ಜೌಗಿನ ವಾಸನೆ, ಊರ್ಸುಲಾ ಮೂಗಿಗೆ ಬಟ್ಟೆ ಹಿಡಿದು ಒಳಗೆ ಹೋದಳು. ನೀವು ಹುಡುಗರಾಗಿದ್ದಾಗ ಅವನನ್ನು ಕಪ್ಪೆದೊರೆ ಎಂದು ಆಡಿಕೊಳ್ಳುತ್ತಿದ್ದಿರಿ. ಅವನೂ ನಿನ್ನ ಅಪ್ಪನೂ ಪಾಲಾದಾಗ ಚಿಕ್ಕವನಾದ ಅವನೇ ಆರಿಸಬೇಕಿತ್ತು, ಆರಿಸಿದ್ದು ಇದೇ ಜೌಗನ್ನು. ಸೇತುವೆ ಬಿಟ್ಟು ಕೆಸರು ಆರಿಸಿದ ದಡ್ಡ ಎಂದು ಈ ಸೀಮೆಯಲ್ಲೆಲ್ಲ ಕಥೆ ಕಟ್ಟಿದರು, ನಾನು ಸೊಸೆಯಾಗಿ ಬಂದಾಗ ಮೊದಲ ದಿನವೇ ನನಗೆ ಅದನ್ನು ಹೇಳಿ ನಕ್ಕರು. ಅವನಿಗೆ ನಿಶ್ಚಯವಾಗಿದ್ದ ಹುಡುಗಿಯ ತಂದೆ, ಕಪ್ಪೆಗಳ ಜೊತೆ ನನ್ನ ಮಗಳು ಬಾಳಲಾರಳು ಎಂದು ಮಾತು ಮುರಿದ. ಆಮೇಲೆ ಅವನು ಮದುವೆಯನ್ನೇ ಆಗಲಿಲ್ಲ. ಮಕ್ಕಳಿಲ್ಲದ್ದಕ್ಕೆ ಕೊನೆಗೆ ಜೌಗನ್ನೂ ಅಣ್ಣನಿಗೇ ಬಿಟ್ಟುಕೊಟ್ಟು, ಆ ವಾಲಿದ ಗೋಪುರದಲ್ಲಿ ಹೆಬ್ಬಾತು ಸಾಕಿಕೊಂಡು ಕೂತಿದ್ದಾನೆ.

ನಾನು ಅವನಿಗೆ ಹೊಸ ಗಡಿಯ ವಿಷಯ ಹೇಳಿದೆ. ಹೇಳುವಾಗ ಸಿಟ್ಟಿಗೆ ನನ್ನ ಕೈಯಲ್ಲಿದ್ದ ಬಿಯರು ಚೆಲ್ಲಿತು. ಅವನು ಚೆಲ್ಲಿದ್ದನ್ನು ತೋಳಿನಿಂದ ಒರೆಸಿದ. ಆಮೇಲೆ ಮೆಲ್ಲಗೆ, "ಅಣ್ಣಂದೇ ಕೈವಾಡ, ಅತ್ತಿಗೆ. ಮಗ ಕಲ್ತಿದಾನೆ," ಅಂದ. ಅವರಿಬ್ಬರ ಹಂಚಿಕೆಗೆ ಸ್ವಲ್ಪ ಮುಂಚೆ ನಿನ್ನ ಅಪ್ಪ ತಮ್ಮ ತಾಯಿಯನ್ನು, ಅಂದರೆ ನಿನ್ನ ಅಜ್ಜಿಯನ್ನು, ಕೋಟೆಯ ಗದ್ದಲ ಬೇಡ, ಅಲ್ಲಿ ನೆಮ್ಮದಿಯಾಗಿರಿ ಎಂದು ಹೇಳಿ ಜೌಗಿನ ಬೇಟೆಮನೆಗೆ ಕಳಿಸಿದ್ದರಂತೆ. ಆಮೇಲೆ ಪಾಲು ಮಾಡಿದರಂತೆ. ಇದನ್ನು ಹೇಳಿ ಎಬರ್‌ವಿನ್ ನನ್ನ ಮುಖ ನೋಡದೆ, "ನಾನು ಜೌಗು ಆರಿಸ್ಲಿಲ್ಲ ಅತ್ತಿಗೆ, ಅಮ್ಮನ್ನ ಆರಿಸ್ದೆ. ಎರಡನೇ ಚಳಿಗಾಲಕ್ಕೆ ಜೌಗಿನ ಜ್ವರ ಬಂದು ಅಮ್ಮ ಹೋದ್ಲು. ಜೌಗು ಉಳೀತು," ಅಂದ. ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ. ತಾಯಿಯನ್ನು ಆರಿಸಿದ್ದಕ್ಕೆ ದೂರು ಹೇಳುವುದು ಸರಿಯಲ್ಲ ಅನಿಸಿತಂತೆ. ಬುಟ್ಟಿ ಖಾಲಿ ಮಾಡಿ ಕೊಟ್ಟರೆ ಹೊರಡುತ್ತೇನೆ, ಹೆಬ್ಬಾತುಗಳಿಗೆ ಕತ್ತಲಾಗುವ ಮುಂಚೆ ಕಾಳು ಹಾಕಬೇಕು ಎಂದ.

ನಾನು ಹಂಚಿದ ಹಾಗೇ ಹಂಚು, ಮಗಾ. ಈಗ ಅರ್ಥವಾಯಿತೆ? ನನಗೆ ಅರ್ಥವಾದಾಗ ಮೈಯೆಲ್ಲ ಉರಿದುಹೋಯಿತು. ಸಾಯುವಾಗ ಆ ಮನುಷ್ಯ ಪಕ್ಕದಲ್ಲೇ ಕೂತಿದ್ದ ನನ್ನ ಕೈ ಹಿಡಿದುಕೊಂಡಿದ್ದರು. ಒಂದು ಕೈಯಲ್ಲಿ ನನ್ನನ್ನು ಹಿಡಿದು, ಇನ್ನೊಂದು ಕೈಯಲ್ಲಿ ಮಗನ ತೋಳು ಹಿಡಿದು, ನನ್ನನ್ನು ಹೇಗೆ ಬಳಸಿಕೊಳ್ಳಬೇಕೆಂದು ಅವನಿಗೆ ಹೇಳಿಕೊಟ್ಟರು, ನಾನು ಅವರ ಹಣೆಯ ಬೆವರು ಒರೆಸುತ್ತಿದ್ದೆ. ಇಂಥವರಿಗೆ ಶಾಂತಿಪ್ರಿಯ ಎಂಬ ಹೆಸರು, ಅದೂ ಕಲ್ಲಿನಲ್ಲಿ, ಅದೂ ಅವರ ಪಕ್ಕದ ಜಾಗ ನನಗೆಂದು ಖಾಲಿ ಬಿಟ್ಟಿರುವಾಗ. ನಾನು ಹೇಗೆ ಅಲ್ಲಿ ಹೋಗಿ ಮಲಗಲಿ, ನೀನೇ ಹೇಳು.

ಇಷ್ಟೆಲ್ಲದರ ನಡುವೆ ಎರ್ಲೆನ್‌ಹೋಫ್ ಮಾತ್ರ ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿದೆ. ಮದುವೆಯ ಮರುದಿನ ಬೆಳಿಗ್ಗೆ ಗಂಡ ಹೆಂಡತಿಗೆ ಕೊಡುವ ಉಡುಗೊರೆಯಾಗಿ ನನಗೆ ಬಂದ ಮನೆ ಅದು, ಒಂದು ದಿನ ಅಲ್ಲಿ ನನ್ನ ಮಾತೇ ನಡೆಯುತ್ತದೆ ಎಂದು ಇಷ್ಟು ವರ್ಷ ಕಾದುಕೊಂಡಿದ್ದೆ. ಕೋಟೆಯಲ್ಲಿ ನನಗೆ ಬೇಕಾದ ಕಡೆ ಒಂದು ಮೊಳೆ ಹೊಡೆಸಲೂ ಅಪ್ಪಣೆ ಬೇಕಿತ್ತು. ಬೇಸಿಗೆಯಲ್ಲಿ ಹೋಗಿ ಹಸಿರು ಹೆಂಚಿನ ಒಲೆ ಹಾಕಿಸಿ ಬಂದಿದ್ದೇನೆ. ಗೋಡೆಗೆ ಒರಗಿಸಿ ಬೆಳೆಸಿದ ಮರಸೇಬಿನ ಗಿಡಗಳು ಈ ವರ್ಷ ಹಣ್ಣಿನ ಭಾರಕ್ಕೆ ಬಾಗಿವೆ. ನೀನು ಬಂದರೆ ಇರಲೆಂದು ದಕ್ಷಿಣದ ಕೋಣೆಗೆ ಹೊಸ ಹಾಸಿಗೆ ತುಂಬಿಸಿದ್ದೇನೆ. ನಿನ್ನ ದೊಡ್ಡಮ್ಮನ ಮಗಳು ಕುನಿಗುಂಡೆ, ಬಿಷಪ್ಪರ ಸೀಮೆಯ ಮಾರಿಯೆನ್‌ವೋರ್ಡೆ ಮಠದ ಮುಖ್ಯಸ್ಥೆ, ಗಂಡ ಸತ್ತವಳು ನೀನು, ನಮ್ಮಲ್ಲಿಗೆ ಬಾ ಎಂದು ನನಗೆ ಮೂರು ಸಲ ಹೇಳಿ ಕಳಿಸಿದಳು. ನನಗೆ ನಗು ಬಂತು. ತಣ್ಣಗಿನ ಬಾರ್ಲಿ ಗಂಜಿ, ನಡುರಾತ್ರಿ ಎದ್ದು ಹಾಡುವುದು, ಯಾರು ಯಾವ ಪೀಠದಲ್ಲಿ ಕೂರಬೇಕೆಂದು ಆ ಹೆಂಗಸರ ಜಗಳ, ಮೇಲೆ ಕುನಿಗುಂಡೆಯ ದನಿ. ಸತ್ತರೂ ಅಲ್ಲಿಗೆ ಹೋಗಲಾರೆ ಎಂದು ಉತ್ತರ ಕಳಿಸಿದ್ದೆ.

ಹೇಳಬಾರದ್ದನ್ನು ಹೇಳದೆ, ಹೇಳಬಹುದಾದ್ದನ್ನೆಲ್ಲ ಬರೆದಿದ್ದೇನೆ. ಮುಂದಿನ ತಿಂಗಳ ಕೊನೆಗೆ ಬರುವ ಸಂತ ಮೈಕೇಲನ ಹಬ್ಬದೊಳಗೆ ನಿನ್ನ ಉತ್ತರ ಇಲ್ಲಿ ತಲುಪಬೇಕು, ತಪ್ಪಿದರೆ ಆರಿಸುವ ಹಕ್ಕೂ ಗೆರ್ಲಾಕ್‌ಗೆ ಹೋಗುತ್ತದೆ. ಡೆಲ್‌ಮೆನ್ ಕೌಂಟನ ಮಗಳು ಆಗ್ನೇಸಾ ನಿನ್ನನ್ನು ಕೇಳಿದಳು, ಕೇಳುವಾಗ ಕೆಂಪಾದಳು. ಅವಳ ಅಪ್ಪನೂ ಕೇಳಿದ, ಆದರೆ ನಿನ್ನನ್ನಲ್ಲ, ನಿನ್ನ ಪಾಲು ಯಾವುದೆಂದು. ಮಾತೆ ಮರಿಯಳು ನಿನ್ನ ಮೊಣಕಾಲನ್ನೂ ನಿನ್ನ ಬುದ್ಧಿಯನ್ನೂ ಕಾಯಲಿ. ಮನೆಯ ಮುದಿ ಆಳುಗಳೆಲ್ಲ ನಿನಗೆ ಶುಭ ಕೋರಿದ್ದಾರೆ. ಎರಡು ಕೈ ತುಂಬ ಆಶೀರ್ವಾದಗಳೊಂದಿಗೆ,

ನಿನ್ನ ಅಮ್ಮ,
ಮೆಕ್ತಿಲ್ಡ್

ಮರೆಯುವ ಮುನ್ನ: ಅರಗು ಕಾಯಿಸುತ್ತಿದ್ದೆ, ಉಳಿಯ ಸದ್ದು ನಿಂತಿತು. ಆ ಪದ ಹೇಗೆ ಬಂದಿದೆ ನೋಡೋಣ ಎಂದು ಕೆಳಗೆ ಹೋದೆ. ತುಂಬ ಚೆನ್ನಾಗಿ ಕೆತ್ತಿದ್ದಾನೆ. ಅದರ ಮುಂದೆ ನಿಂತಾಗ ಖಾಲಿ ಬುಟ್ಟಿ ಹಿಡಿದು ಜೌಗಿಗೆ ಮರಳಿದ ಎಬರ್‌ವಿನ್ ನೆನಪಾದ. ವಿಧವೆ ತನ್ನ ಮನೆಯ ಹಕ್ಕು ಬಿಡಬೇಕಾದರೆ ಇಬ್ಬರು ಸಾಕ್ಷಿಗಳ ಎದುರು ಬೀಗದ ಕೈಗಳನ್ನು ಗಂಡನ ಸಮಾಧಿಯ ಮೇಲೆ ಇಡಬೇಕು, ಅದಾದ ಮೇಲೆ ಯಾವ ದೊರೆಯೂ ಅವಳನ್ನು ಆ ಮನೆಗೆ ಕಟ್ಟಿಹಾಕಲಾರ. ಶಿಲ್ಪಿ ಅಲ್ಲೇ ಇದ್ದ. ಸನ್ಯಾಸಿ ಕಾರ್ಸ್ಟೆನ್‌ರನ್ನು ಗಂಜಿಯಿಂದ ಎಬ್ಬಿಸಿ ಕರೆಸಿದೆ. ಎರ್ಲೆನ್‌ಹೋಫ್‌ನ ಬೀಗದ ಕೈ ಗೊಂಚಲನ್ನು ಸೊಂಟದಿಂದ ಬಿಚ್ಚಿ ಸರಿಯಾಗಿ "ಶಾಂತಿಪ್ರಿಯ" ಎಂಬಲ್ಲಿಯೇ ಇಟ್ಟೆ. ಗೆರ್ಲಾಕ್ ಓಡಿಬಂದು, "ಅಮ್ಮಾ, ಇದೇನ್ ಮಾಡಿದ್ರಿ," ಅಂದ. ಅವನ ಮುಖ ಬಿಳಿಚಿಕೊಂಡಿತ್ತು, ಸೇತುವೆಯ ಮೇಲಿನ ಆಸೆ ಅಷ್ಟೊಂದಿತ್ತು ಪಾಪ. ಹೊಸದೇನೂ ಮಾಡಿಲ್ಲಪ್ಪ, ಪದ್ಧತೀಲಿ ಇರೋದನ್ನೇ ಮಾಡಿದೀನಿ ಅಂದೆ. ಗಾಡಿಗೆ ಕುದುರೆ ಕಟ್ಟಿಯಾಗಿದೆ. ಈ ಪತ್ರ ನಿನ್ನ ಕೈ ಸೇರುವ ಹೊತ್ತಿಗೆ ನಾನು ಮಾರಿಯೆನ್‌ವೋರ್ಡೆಯಲ್ಲಿ ಕುನಿಗುಂಡೆಯ ಹಾಡು ಕೇಳುತ್ತಾ ಬಾರ್ಲಿ ಗಂಜಿ ಕುಡಿಯುತ್ತಿರುತ್ತೇನೆ. ಅದು ಬಿಷಪ್ಪರ ನೆಲ, ನಿಮ್ಮಿಬ್ಬರ ಯಾರ ಪಾಲಿಗೂ ಸೇರಿದ್ದಲ್ಲ. ನಾನು ಆಣೆ ಮುರಿದಿಲ್ಲ, ಯಾವುದನ್ನು ಆರಿಸು ಎಂದು ಒಂದಕ್ಷರ ಹೇಳಿಲ್ಲ, ನಾನೆಲ್ಲಿದ್ದೇನೆ ಎಂದಷ್ಟೇ ತಿಳಿಸಿದ್ದೇನೆ. ಎರ್ಲೆನ್‌ಹೋಫ್‌ನಲ್ಲಿ ಈಗ ಯಾರೂ ಇಲ್ಲ. ಆರಿಸುವಾಗ ನನ್ನನ್ನು ನೆನೆಯಬೇಡ, ಆರಿಸಿದ ಮೇಲೆ ಬಂದು ನೋಡು.